ಅಲ್ಟ್ರಾಸೌಂಡ್ ಪಾಠದಲ್ಲಿ ಬಿಟ್ಟುಹೋದದ್ದು

ಎನ್‌ಸಿಇಆರ್‌ಟಿಯ 2006ರ ಒಂಬತ್ತನೆಯ ತರಗತಿಯ ವಿಜ್ಞಾನ ಪುಸ್ತಕವು ಶ್ರವಣಾತೀತ ಧ್ವನಿಯ ವೈದ್ಯಕೀಯ ಬಳಕೆಯನ್ನು ಸರಳವಾಗಿ ಪರಿಚಯಿಸುತ್ತದೆ. ಆದರೆ ಅಂಗಾಂಶದ ಸಾಂದ್ರತೆ ಬದಲಾಗುವಲ್ಲಿ ತರಂಗ ಪ್ರತಿಫಲಿಸುತ್ತದೆ ಎಂದಷ್ಟೇ ಹೇಳುತ್ತದೆ. ವಾಸ್ತವವಾಗಿ ಪ್ರತಿಫಲನವನ್ನು ನಿರ್ಧರಿಸುವುದು ಸಾಂದ್ರತೆ ಮತ್ತು ಧ್ವನಿವೇಗಗಳ ಗುಣಲಬ್ಧ.

ಇನ್ನೂ ದೊಡ್ಡ ಕೊರತೆ ಎಂದರೆ ಧ್ವನಿಯ ಕ್ಷೀಣತೆಯ ವಿಚಾರವೇ ಇಲ್ಲದಿರುವುದು. ಮೃದು ಅಂಗಾಂಶದಲ್ಲಿ ಧ್ವನಿಯು ಪ್ರತಿ ಸೆಂ.ಮೀ.ಗೆ, ಪ್ರತಿ ಮೆಗಾಹರ್ಟ್ಸ್‌ಗೆ ಸುಮಾರು 0.5 ಡೆಸಿಬೆಲ್ ಕುಗ್ಗುತ್ತದೆ. 10 ಸೆಂ.ಮೀ. ಆಳಕ್ಕೆ ಹೋಗಿಬರುವಷ್ಟರಲ್ಲಿ 3.5 ಮೆಗಾಹರ್ಟ್ಸ್ ತರಂಗದ ತೀವ್ರತೆ ಸುಮಾರು 3,000ದಲ್ಲಿ ಒಂದು ಪಾಲಿಗೆ ಇಳಿದರೆ, 7 ಮೆಗಾಹರ್ಟ್ಸ್ ತರಂಗದ್ದು ಕೋಟಿಯಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆವೃತ್ತಿ ಹೆಚ್ಚಿದಷ್ಟೂ ಚಿತ್ರ ಸೂಕ್ಷ್ಮ, ಆದರೆ ತಲುಪುವ ಆಳ ಕಡಿಮೆ. ಆದ್ದರಿಂದಲೇ ಥೈರಾಯ್ಡ್‌ಗೆ ಹೆಚ್ಚಿನ ಆವೃತ್ತಿ, ಹೊಟ್ಟೆಗೆ ಕಡಿಮೆ ಆವೃತ್ತಿ.

ತುಂಗಭದ್ರಾ ಕಾಲುವೆಯ ಕೊನೆಗೆ ನೀರು ಕಡಿಮೆ ತಲುಪುವುದನ್ನು ಹೊಸಪೇಟೆ, ಕಂಪ್ಲಿ ಕಡೆಯ ಮಕ್ಕಳು ಬಲ್ಲರು. ಶಿಕ್ಷಕರು ಅಲ್ಲಿಂದ ಆರಂಭಿಸಬಹುದು. ಈ ಕೊರತೆ ತುಂಬಲು ಯಂತ್ರವು ತಡವಾಗಿ ಬಂದ, ಅಂದರೆ ಆಳದ ಪ್ರತಿಧ್ವನಿಯನ್ನು ಹೆಚ್ಚು ವರ್ಧಿಸುತ್ತದೆ. ಆದರೆ ಜೊತೆಗೆ ಗದ್ದಲವೂ ಹಿಗ್ಗುತ್ತದೆ. ವರ್ಧನೆ ಮಿತಿಮೀರಿದರೆ ದ್ರವ ತುಂಬಿದ ಗುಳ್ಳೆಯೂ ಗಟ್ಟಿ ಗಡ್ಡೆಯಂತೆ ಕಾಣಬಹುದು. ಚಿತ್ರ ಹೊಳೆದ ಮಾತ್ರಕ್ಕೆ ಸ್ಪಷ್ಟವಾಗಿದೆ ಎನ್ನಲಾಗದು ಎಂಬುದನ್ನು ಪಾಠವೇ ಹೇಳಬೇಕಿತ್ತು.