ಹೊಟ್ಟೆ ಒತ್ತಿ ನೋಡುವ ನಿದಾನ: ಅಳತೆಗೆ ನಿಲ್ಲುವುದೇ?

ಜಪಾನಿನಲ್ಲಿ 'ಕಾಂಪೊ' ಎಂಬ ಸಾಂಪ್ರದಾಯಿಕ ವೈದ್ಯಪದ್ಧತಿ ಇದೆ. ಪ್ರಾಚೀನ ಚೀನಾದಿಂದ ಬಂದು ಜಪಾನೀ ವೈದ್ಯರ ಕೈಯಲ್ಲಿ ಪ್ರತ್ಯೇಕ ರೂಪ ತಳೆದ ಪದ್ಧತಿ ಇದು. ಹಲವು ಮೂಲಿಕೆಗಳನ್ನು ನಿಗದಿತ ಪ್ರಮಾಣದಲ್ಲಿ ಕೂಡಿಸಿ ಕುದಿಸಿದ ಕಷಾಯವೇ ಇದರ ಔಷಧ. ಈಗ ಅದನ್ನು ಕಾರ್ಖಾನೆಗಳಲ್ಲಿ ಒಣಗಿಸಿ ಹರಳುಪುಡಿಯಾಗಿ ತಯಾರಿಸುತ್ತಾರೆ. 1976ರಲ್ಲಿ ಇಂಥ ಅನೇಕ ಔಷಧಗಳನ್ನು ಅಲ್ಲಿನ ಆರೋಗ್ಯ ವಿಮೆಯ ವ್ಯಾಪ್ತಿಗೆ ತರಲಾಯಿತು. ಇವನ್ನು ಬರೆದುಕೊಡುವವರು ಆಧುನಿಕ ವೈದ್ಯ ಪದವೀಧರರೇ. ಔಷಧದ ಗುಣಮಟ್ಟ ಒಂದೇ ಸಮನಾಗಿರುವುದರಿಂದ ಇದನ್ನು ಪ್ರಯೋಗಕ್ಕೆ ಒಡ್ಡುವುದು ಸುಲಭ. ಇದು ಈ ಪದ್ಧತಿಯ ದೊಡ್ಡ ಗುಣ.

ಆದರೆ ಔಷಧವನ್ನು ಆರಿಸುವುದು ಹೇಗೆ? ಕಾಂಪೊ ವೈದ್ಯರು ನಾಲಿಗೆ ನೋಡಿ, ನಾಡಿ ಹಿಡಿದು, ಮುಖ್ಯವಾಗಿ ಹೊಟ್ಟೆಯನ್ನು ಒತ್ತಿ ರೋಗಿಯ 'ಶೋ' ಅನ್ನು, ಎಂದರೆ ಅವನ ದೇಹಸ್ಥಿತಿಯ ಒಟ್ಟು ಸ್ವರೂಪವನ್ನು, ನಿರ್ಧರಿಸುತ್ತಾರೆ. ಬಲವುಳ್ಳ ಸ್ಥಿತಿ 'ಜಿತ್ಸು', ಬಲಗುಂದಿದ ಸ್ಥಿತಿ 'ಕ್ಯೋ'. ಒಂದೇ ಕಾಯಿಲೆಗೆ ಇಬ್ಬರು ರೋಗಿಗಳಿಗೆ ಬೇರೆ ಬೇರೆ ಔಷಧ ದೊರೆಯಬಹುದು.

ಒಂದು ಉದಾಹರಣೆ ಗಮನಿಸಿ. 'ಯೊಕುಕನ್‌ಸಾನ್' ಎಂಬ ಔಷಧವನ್ನು ಮರೆವಿನ ರೋಗವಿರುವ ವೃದ್ಧರ ಉದ್ರೇಕ, ಭ್ರಮೆ ಮುಂತಾದವುಗಳಿಗೆ ಕೊಡುತ್ತಾರೆ. 2005ರಲ್ಲಿ ಪ್ರಕಟವಾದ 52 ರೋಗಿಗಳ ಪ್ರಯೋಗದಲ್ಲಿ ಅದು ಚೆನ್ನಾಗಿ ಫಲಿಸಿತೆಂದು ಕಂಡಿತು. ಆದರೆ ಹೋಲಿಕೆಯ ಗುಂಪಿಗೆ ಹುಸಿ ಔಷಧವನ್ನೂ ಕೊಟ್ಟಿರಲಿಲ್ಲ. ಅಂಕಗಳಿಗೆ ಆಧಾರ ಆರೈಕೆ ಮಾಡುವವರ ಹೇಳಿಕೆ. ಔಷಧ ಯಾರಿಗೆ ಸಲ್ಲುತ್ತಿದೆ ಎಂಬುದು ಅವರಿಗೆ ತಿಳಿಯದಿರುವುದು ಕಷ್ಟ. 2017ರಲ್ಲಿ 145 ಅಲ್ಝೈಮರ್ ರೋಗಿಗಳ ಮೇಲೆ ಹುಸಿ ಔಷಧ ಬಳಸಿ, ಯಾರಿಗೆ ಯಾವುದು ಎಂದು ಯಾರಿಗೂ ತಿಳಿಯದಂತೆ ನಡೆಸಿದ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ಮುಖ್ಯ ಅಳತೆಯಲ್ಲಿ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಇಂಥ ಸೋಲಿಗೆ ಸಮರ್ಥಕರ ಉತ್ತರ ಸಿದ್ಧವಾಗಿರುತ್ತದೆ: "ಶೋ ನೋಡದೆ, ಕಾಯಿಲೆಯ ಹೆಸರು ನೋಡಿ ಔಷಧ ಕೊಟ್ಟರೆ ಹೀಗೇ ಆಗುತ್ತದೆ." ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 'ಶೋ-ಸೈಕೊ-ತೋ' ಎಂಬ ಔಷಧವನ್ನು ಯಕೃತ್ತಿನ ದೀರ್ಘಕಾಲದ ಉರಿಯೂತಕ್ಕೆ ಜಪಾನಿನಲ್ಲಿ ವ್ಯಾಪಕವಾಗಿ ಬಳಸಿದರು. 1996ರ ಮಾರ್ಚಿನಲ್ಲಿ ಅಲ್ಲಿನ ಆರೋಗ್ಯ ಸಚಿವಾಲಯ ತುರ್ತು ಎಚ್ಚರಿಕೆ ಹೊರಡಿಸಬೇಕಾಯಿತು. ಔಷಧ ಸೇವಿಸಿದ 88 ಮಂದಿಯಲ್ಲಿ ಶ್ವಾಸಕೋಶದ ಒಂದು ಬಗೆಯ ತೀವ್ರ ಉರಿಯೂತ ವರದಿಯಾಗಿತ್ತು. ಅವರಲ್ಲಿ 10 ಮಂದಿ ಸತ್ತಿದ್ದರು. ಆಗಲೂ ಕೇಳಿಬಂದ ವಿವರಣೆ ಇದೇ: ಶೋ ನೋಡಿರಲಿಲ್ಲ.

ಹಾಗಿದ್ದರೆ ಶೋ ಎಂಬುದು ಜೀವ ಉಳಿಸಬಲ್ಲ ಅಳತೆಯಾಯಿತು. ಅಳತೆಗೆ ನಾವು ಮೊದಲು ಕೇಳುವ ಪ್ರಶ್ನೆ ಯಾವುದು? ಇಬ್ಬರು ಅಳೆದರೆ ಒಂದೇ ಉತ್ತರ ಬರುತ್ತದೆಯೇ ಎಂದು.

ಇಲ್ಲಿ ಬರಿಯ ಶೇಕಡಾವಾರು ನೋಡಿದರೆ ಮೋಸಹೋಗುತ್ತೇವೆ. ಇಬ್ಬರು ವೈದ್ಯರು ಬೇರೆ ಬೇರೆಯಾಗಿ 100 ರೋಗಿಗಳ ಹೊಟ್ಟೆ ಪರೀಕ್ಷಿಸಿ, ತಲಾ 80 ಮಂದಿಯನ್ನು 'ಜಿತ್ಸು' ಎಂದರೆಂದು ಭಾವಿಸಿ. 76 ರೋಗಿಗಳ ವಿಷಯದಲ್ಲಿ ಇಬ್ಬರ ಮಾತೂ ಒಂದೇ ಆಯಿತು. ಒಳ್ಳೆಯ ಹೊಂದಿಕೆಯೆಂದು ತೋರುತ್ತದಲ್ಲವೇ? ಆದರೆ ಅವರು ರೋಗಿಯನ್ನು ನೋಡದೆ ಇದೇ ಪ್ರಮಾಣದಲ್ಲಿ ಚೀಟಿ ಎತ್ತಿದ್ದರೂ 0.8 × 0.8 + 0.2 × 0.2 = 0.68, ಎಂದರೆ 68 ಮಂದಿಯಲ್ಲಿ ಹೊಂದಿಕೆ ತಾನಾಗಿ ಬರುತ್ತಿತ್ತು. ಉಳಿದ 32ರಲ್ಲಿ ಪರೀಕ್ಷೆಯಿಂದ ದೊರೆತ ಲಾಭ 8 ಮಾತ್ರ. ಅನುಪಾತ 0.25. ಇದಕ್ಕೆ ಕಪ್ಪಾ ಗುಣಾಂಕ ಎಂದು ಹೆಸರು. ಇದು 1ಕ್ಕೆ ಸಮೀಪವಿದ್ದರೆ ನಿದಾನವನ್ನು ನಂಬಬಹುದು. ಸೊನ್ನೆಗೆ ಸಮೀಪವಿದ್ದರೆ ಅದು ಚೀಟಿ ಎತ್ತಿದಂತೆಯೇ.

"ಪ್ರತಿ ರೋಗಿಗೂ ಬೇರೆ ಚಿಕಿತ್ಸೆ, ಆದ್ದರಿಂದ ಪ್ರಯೋಗ ಅಸಾಧ್ಯ" ಎಂಬ ವಾದವೂ ನಿಲ್ಲುವುದಿಲ್ಲ. ಇಬ್ಬರು ವೈದ್ಯರು ಮೊದಲೇ ಶೋ ಗುರುತಿಸಿ ಬರೆದಿಡಲಿ. ಅನಂತರ ಚೀಟಿ ಎತ್ತಿ ಔಷಧವನ್ನೋ ಹುಸಿ ಔಷಧವನ್ನೋ ಕೊಡಲಿ. ಶೋ ಹೊಂದಿದವರಿಗೆ ಹೆಚ್ಚು ಗುಣ ಕಂಡರೆ ಕಾಂಪೊ ಗೆದ್ದಂತೆ. ಫಲಿತಾಂಶ ಬಂದ ಮೇಲೆ "ಶೋ ಹೊಂದಿರಲಿಲ್ಲ" ಎನ್ನುವುದು ಮಾತ್ರ ವಿಜ್ಞಾನವಲ್ಲ. ಗುರಿಯ ವೃತ್ತವನ್ನು ಬಾಣ ನೆಟ್ಟ ಮೇಲೆ ಬರೆಯಬಾರದು.

ನಮ್ಮ ನಾಡಿಪರೀಕ್ಷೆಗೂ ಈ ಮಾತು ಅನ್ವಯಿಸುತ್ತದೆ. ಯಾರಾದರೂ ಅದನ್ನು ಹೊಗಳಿದಾಗ ಅಥವಾ ತೆಗಳಿದಾಗ ನಿಮ್ಮ ವಿದ್ಯಾರ್ಥಿಗಳು ಒಂದು ಪ್ರಶ್ನೆ ಕೇಳಲಿ: ಇನ್ನೊಬ್ಬ ವೈದ್ಯರು ಇದೇ ಕೈ ಹಿಡಿದು, ಮೊದಲಿನವರ ಮಾತು ಕೇಳದೆ, ಏನು ಹೇಳಿದರು?