ಪಿಕಪ್ ಇಲ್ಲ: ಒಂದು ಜಾಬ್ ಕಾರ್ಡಿನ ವ್ಯಾಖ್ಯಾನ

ಬೆಂಗಳೂರಿನ ಬೇಗೂರು ಮುಖ್ಯರಸ್ತೆಯಿಂದ ಒಳಕ್ಕೆ ತಿರುಗುವ ಅಡ್ಡರಸ್ತೆಯ ಗ್ಯಾರೇಜೊಂದರಲ್ಲಿ ಬರೆದ ಜಾಬ್ ಕಾರ್ಡ್ ಇದು. ಕಾರು ಬಿಎಸ್-6 ಡೀಸೆಲ್, ಐಷಾರಾಮಿ ದರ್ಜೆಯದು, ನಾನು ಸೆಕೆಂಡ್ ಹ್ಯಾಂಡ್ ಕೊಂಡದ್ದು. ಮೊದಲು ತೋರಿಸಿದ ಕಡೆ ಸ್ಕ್ಯಾನರ್ ಹಾಕಿದ ಐದೇ ನಿಮಿಷಕ್ಕೆ, ಇಂಜಿನ್ನಿಗೆ ಗಾಳಿ ಒತ್ತುವ ಟರ್ಬೊ ಹೋಗಿದೆ ಎಂದು ಲಕ್ಷ ದಾಟುವ ಅಂದಾಜು ಪಟ್ಟಿ ಕೊಟ್ಟಿದ್ದರು. ಟರ್ಬೊ ಹೋಗಿರಲಿಲ್ಲ. ಅದು ಗೊತ್ತಾದದ್ದು ಹೇಗೆಂಬುದು ಈ ಕಾರ್ಡಿನಲ್ಲಿದೆ. ಬರೆದವರು ಮೆಕ್ಯಾನಿಕ್, ತಮಗೆ ತಿಳಿಯುವಷ್ಟು ಬರೆದಿದ್ದಾರೆ. ಬಿಡಿಸಿ ಹೇಳುವ ಕೆಲಸ ನನ್ನದು.

«ಪಿಕಪ್ ಇಲ್ಲ. ಫ್ಲೈಓವರ್ ಹತ್ತುವಾಗ ಎಳೆಯಲ್ಲ. ಸಿಟಿಯಲ್ಲಿ ಓಕೆ.»

ಮೊದಲ ಎರಡು ಪದ ನನ್ನವು. ಉಳಿದದ್ದು ಅವರು ಕೇಳಿ ಕೇಳಿ ಹೊರಡಿಸಿದ್ದು. ‘ಪಿಕಪ್ ಇಲ್ಲ’ ಎಂಬ ಒಂದೇ ಮಾತಿನಲ್ಲಿ ಹಲವು ಕಾಯಿಲೆ ಅಡಗಿರುತ್ತವೆ. ತುಳಿದ ಮೇಲೆ ಒಂದು ಕ್ಷಣ ಸುಮ್ಮನಿದ್ದು ಆಮೇಲೆ ಸರಿಯಾಗಿ ಓಡಿದರೆ ಪೆಡಲ್ ಕಡೆ, ಗೇರ್‌ಬಾಕ್ಸ್ ಕಡೆ ನೋಡಬೇಕು. ಸದಾಕಾಲ ಮಂದವಾಗಿದ್ದರೆ ಎಲ್ಲೋ ಕಟ್ಟಿಕೊಂಡಿದೆ. ಭಾರ ಬಿದ್ದಾಗ ಮಾತ್ರ ಸೋತರೆ ಟರ್ಬೊ ಒತ್ತುವ ಗಾಳಿ ಇಂಜಿನ್ನಿಗೆ ಪೂರ್ತಿ ಸಿಗುತ್ತಿಲ್ಲ. “ಯಾವಾಗ ಸರ್? ಬೆಳಿಗ್ಗೆ ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ಎಷ್ಟು ತುಳಿದಾಗ?” ಎಂದು ಅವರು ಕೇಳಿದಾಗ ನನಗೆ ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆಯ ಏರು ನೆನಪಾಯಿತು. ಬೇಗೂರು, ಹೊಂಗಸಂದ್ರ, ಬೊಮ್ಮನಹಳ್ಳಿಯ ದಟ್ಟಣೆಯಲ್ಲಿ ತೆವಳುವಾಗ ಇಂಜಿನ್ನಿಗೆ ಟರ್ಬೊದ ಹಂಗೇ ಇರುವುದಿಲ್ಲ. ಅದಕ್ಕೇ ಕಾಯಿಲೆ ಎಷ್ಟು ದಿನದಿಂದ ಇತ್ತೋ, ನನಗೆ ಕಾಣಲೇ ಇಲ್ಲ.

«ಇಕೋ ಮೋಡ್ ಅಲ್ಲ. ಪೆಡಲ್ 1, 2 ಓಕೆ.»

1951ರಲ್ಲಿ ಶುರುವಾದ ಆಡುಗೋಡಿಯ ಮೈಕೊ, ಈಗಿನ ಬಾಷ್, ತಯಾರಿಸುತ್ತಿದ್ದ ಡೀಸೆಲ್ ಪಂಪುಗಳ ಮೇಲೆ ಈ ಭಾಗದ ಹಿರಿಯ ಮೆಕ್ಯಾನಿಕ್‌ಗಳ ಕೈ ಪಳಗಿತ್ತು. ಆಗ ಆಕ್ಸಿಲರೇಟರ್ ತುಳಿದರೆ ಆ ಎಳೆತ ನೇರ ಪಂಪಿನ ಲಿವರ್‌ಗೆ ಮುಟ್ಟುತ್ತಿತ್ತು. ಈಗ ಕಾಲು ಮಾಡುವುದು ವಿನಂತಿ ಮಾತ್ರ. ಪೆಡಲ್ ಬುಡದಲ್ಲಿ ಎರಡು ಸೆನ್ಸರ್‌ಗಳಿದ್ದು ಒಂದರ ಮಾತಿಗೆ ಇನ್ನೊಂದು ಸಾಕ್ಷಿ. ಬಹಳಷ್ಟು ಕಾರುಗಳಲ್ಲಿ ಒಂದರ ವೋಲ್ಟೇಜ್ ಇನ್ನೊಂದರ ಅರ್ಧ ಇರುತ್ತದೆ. ಎರಡೂ ತಾಳೆಯಾಗದಿದ್ದರೆ ಕಾರಿನ ಕಂಪ್ಯೂಟರ್ ಯಾವುದನ್ನೂ ನಂಬದೆ ಇಂಜಿನ್ನಿನ ಶಕ್ತಿಯನ್ನೇ ತಗ್ಗಿಸಿಬಿಡುತ್ತದೆ. ಇಲ್ಲಿ ತಾಳೆಯಾಯಿತು. ಇಕೋ ಮೋಡಿನಲ್ಲಿ ಅದೇ ತುಳಿತಕ್ಕೆ ಕಡಿಮೆ ಎಳೆತ ಕೊಡುವಂತೆ ಲೆಕ್ಕ ಬರೆದಿರುತ್ತಾರಾದ್ದರಿಂದ ಅದನ್ನೂ ಮೊದಲೇ ನೋಡಿಬಿಡಬೇಕು, ಖರ್ಚಿಲ್ಲದ ಪರೀಕ್ಷೆ.

ಈ ಹಂತದಲ್ಲಿ ಒಬ್ಬ ಗೆಳೆಯರು ಬಿಡಿಭಾಗದ ಅಂಗಡಿಗಳ ಜೆ.ಸಿ. ರಸ್ತೆಗೆ ಹೋಗಿ ಪೆಡಲ್‌ಗೆ ಸಿಕ್ಕಿಸುವ ಥ್ರಾಟಲ್ ಕಂಟ್ರೋಲರ್ ಹಾಕಿಸು ಎಂದಿದ್ದರು. ಅದು ಕಾಲಿನ ವಿನಂತಿಯನ್ನು ಜೋರಾಗಿ ಹೇಳುತ್ತದೆ, ಅಷ್ಟೇ. ಕೊಡುವವನ ಬಳಿಯೇ ಇಲ್ಲದಿದ್ದರೆ ಕೂಗಿ ಕೇಳಿ ಫಲವಿಲ್ಲ. ರೋಗವಿರುವ ಕಾರಿಗೆ ಅದನ್ನು ಹಾಕಲೇಬಾರದು, ಲಕ್ಷಣ ಮುಚ್ಚಿಹೋಗುತ್ತದೆ.

«ಪಿ 0299.»

ಟರ್ಬೊ ಬದಲಿಸಿ ಎಂದವರು ನೋಡಿದ್ದೂ ಇದೇ ಕೋಡನ್ನು. ‘ಪಿ’ ಎಂದರೆ ಇಂಜಿನ್ ಮತ್ತು ಗೇರ್‌ಬಾಕ್ಸ್ ವಿಭಾಗ. ‘0’ ಎಂದರೆ ಎಲ್ಲ ಕಂಪನಿಗಳಿಗೂ ಸಮಾನವಾದ ಕೋಡ್. ‘2’ ಇಂಧನ ಮತ್ತು ಗಾಳಿಯ ಲೆಕ್ಕ. ಒಟ್ಟು ಅರ್ಥ: ಕಂಪ್ಯೂಟರ್ ಕೇಳಿದಷ್ಟು ಒತ್ತಡದ ಗಾಳಿ ಇಂಜಿನ್ನಿಗೆ ತಲುಪಲಿಲ್ಲ. ಟರ್ಬೊ ಕೆಟ್ಟಿದೆ ಎಂದು ಇದರಲ್ಲಿ ಎಲ್ಲೂ ಇಲ್ಲ. ಟರ್ಬೊದ ಒಳಗಿನ ರೆಕ್ಕೆಗಳು ಮಸಿಗಟ್ಟಿ ಅಂಟಿರಬಹುದು, ಅವುಗಳನ್ನು ತಿರುಗಿಸುವ ಆಕ್ಚುಯೇಟರ್ ಸೋತಿರಬಹುದು, ಒತ್ತಡ ಅಳೆಯುವ ಸೆನ್ಸರ್ ಮೇಲೆ ಮಸಿ ಕೂತಿರಬಹುದು, ಟರ್ಬೊ ಕೊಟ್ಟ ಗಾಳಿ ದಾರಿಯಲ್ಲಿ ಸೋರಿರಬಹುದು.

ಇದೇ ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ‘ಬೆಂಗಳೂರು’ ಎಂಬ ಹೆಸರು ಕಾಣಿಸುವ ಶಾಸನವಿದೆ, ಸುಮಾರು ಕ್ರಿ.ಶ. 890ರದ್ದು. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನೆಂಬ ನಾಯಕನ ಕಡೆಯವರು ಮಡಿದರೆಂದು ಅದು ಹೇಳುತ್ತದೆ. ಕಾಳಗ ಏಕೆ ಹುಟ್ಟಿತೆಂದು ಹೇಳುವುದಿಲ್ಲ. ಅದನ್ನು ಓದುವವರು ಕಲ್ಲಿನಲ್ಲಿ ಇಲ್ಲದ್ದನ್ನು ಕಲ್ಲಿನ ಬಾಯಲ್ಲಿ ಹೇಳಿಸುವುದಿಲ್ಲ. ಕೋಡ್ ಓದುವವರಿಗೂ ಆ ಸಂಯಮ ಬೇಕು. ಅದಿಲ್ಲದ ಓದು ನನ್ನಂಥವರಿಗೆ ಲಕ್ಷ ರೂಪಾಯಿಯ ಮಾತಾಗುತ್ತದೆ.

«ಕೀ ಆನ್, ಇಂಜಿನ್ ಆಫ್: ಮ್ಯಾಪ್ 91.»

ಕಾರ್ಡಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಸಾಲು. ಮ್ಯಾಪ್ ಎಂದರೆ ಇಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಸೆನ್ಸರ್. ಇಂಜಿನ್ ನಿಂತಿರುವಾಗ ಅದು ಹೊರಗಿನ ವಾತಾವರಣದ ಒತ್ತಡವನ್ನೇ ತೋರಬೇಕು. ಪುಸ್ತಕದಲ್ಲಿ ಸಮುದ್ರಮಟ್ಟದ ಅಂಕಿ 101 ಕಿಲೋಪಾಸ್ಕಲ್. ಮಂಗಳೂರಿನಲ್ಲೋ ಚೆನ್ನೈನಲ್ಲೋ 91 ಬಂದರೆ ಸೆನ್ಸರ್ ಸುಳ್ಳು ಹೇಳುತ್ತಿದೆ ಎಂದರ್ಥ. ಸುಮಾರು 900 ಮೀಟರ್ ಎತ್ತರದ ನಮ್ಮೂರಿನಲ್ಲಿ 91 ಬಂದರೆ ಅದು ನಿಜ ಹೇಳುತ್ತಿದೆ. ಊರಿನ ಎತ್ತರ ತಿಳಿಯದವರು ಇಲ್ಲಿ ಒಳ್ಳೆಯ ಸೆನ್ಸರನ್ನೇ ಕಿತ್ತು ಎಸೆದಾರು.

ಇನ್ನೂ ಒಂದು ವಿಷಯ ಇದರಲ್ಲಿದೆ. ಇಂಜಿನ್ನಿಗೆ 200 ಕಿಲೋಪಾಸ್ಕಲ್ ಬೇಕೆಂದರೆ ಕರಾವಳಿಯ ಟರ್ಬೊ ಗಾಳಿಯನ್ನು ಎರಡು ಪಟ್ಟು ಒತ್ತಿದರೆ ಸಾಕು. ಇಲ್ಲಿ ಎರಡೂಕಾಲು ಪಟ್ಟಿನ ಹತ್ತಿರ ಒತ್ತಬೇಕು. ಬೆಂಗಳೂರಿನಲ್ಲಿ ಟರ್ಬೊ ಮೊದಲೇ ಹೆಚ್ಚು ದುಡಿಯುತ್ತಿರುತ್ತದೆ, ಸೋರಿಕೆಯ ನಷ್ಟ ತುಂಬಿಕೊಡಲು ಅದರ ಬಳಿ ಉಳಿದ ತ್ರಾಣ ಕಡಿಮೆ.

«ಏರ್ ಫಿಲ್ಟರ್ ಚೇಂಜ್. ಡಿಪಿಎಫ್ ಓಕೆ.»

ಮೆಟ್ರೊ ಕೆಲಸ, ಲೇಔಟ್ ಕೆಲಸಗಳ ಧೂಳು ಉಂಡ ಫಿಲ್ಟರ್ ಬೂದುಬಣ್ಣಕ್ಕೆ ತಿರುಗಿತ್ತು. ಡಿಪಿಎಫ್ ಎಂದರೆ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಜರಡಿ. ಆ ಮಸಿ ಸುಟ್ಟುಹೋಗಲು ಸುಮಾರು 600 ಡಿಗ್ರಿ ಕಾವು ಬೇಕು. ದಿನವೂ ನಾಲ್ಕೈದು ಕಿಲೋಮೀಟರ್ ನಿಂತು ನಿಂತು ಓಡುವ ಕಾರಿನಲ್ಲಿ ಆ ಸುಡುವಿಕೆ ಅರ್ಧಕ್ಕೇ ನಿಲ್ಲುತ್ತದೆ, ಜರಡಿ ಕಟ್ಟಿಕೊಂಡು ಎಳೆತ ಸಾಯುತ್ತದೆ. ನನ್ನದರಲ್ಲಿ ಹಾಗಾಗಿರಲಿಲ್ಲ.

«ಸ್ಮೋಕ್: ಲೀಕ್ ಇಲ್ಲ. ಪ್ರೆಶರ್: ಇಂಟರ್‌ಕೂಲರ್ ಹೋಸ್ ಲೀಕ್.»

ಒಂದರ ಪಕ್ಕ ಇನ್ನೊಂದು ನಿಂತ ಈ ಎರಡು ಫಲಿತಾಂಶಗಳಲ್ಲೇ ಇಡೀ ಕೆಲಸದ ಜಾಣ್ಮೆ ಇದೆ. ಮೊದಲು ಗಾಳಿಯ ದಾರಿಗೆ ಹೊಗೆ ತುಂಬಿ ಎಲ್ಲಿಂದ ಹೊರಬರುತ್ತದೆಂದು ನೋಡಿದರು. ಎಲ್ಲಿಂದಲೂ ಬರಲಿಲ್ಲ. ಬೇರೆಯವರಾದರೆ ಇಲ್ಲಿಗೆ ನಿಲ್ಲಿಸಿ ಟರ್ಬೊ ಎಂದೇ ತೀರ್ಮಾನಿಸುತ್ತಿದ್ದರೇನೋ. ಇವರು, ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನಿಂದ ಇಂಜಿನ್ ಕಡೆಗೆ ಹೋಗುವ ರಬ್ಬರ್ ಹೋಸಿನ ಮೇಲೆ ಬೆರಳಾಡಿಸಿದರು. ಕ್ಲಾಂಪಿನ ಹತ್ತಿರ ಒಂದು ಕಡೆ ಮಾತ್ರ ಎಣ್ಣೆಯ ಪಸೆ, ಅದರ ಮೇಲೆ ಅಂಟಿದ ಧೂಳು. ಆ ದಾರಿಯ ಗಾಳಿಯಲ್ಲಿ ಎಣ್ಣೆಯ ಆವಿ ಯಾವಾಗಲೂ ಸ್ವಲ್ಪ ಇರುತ್ತದೆ. ಅದು ಹೊರಗೆ ಕಂಡರೆ ಗಾಳಿಯೂ ಹೊರಗೆ ಬಂದಿದೆ. “ಹೊಗೆಗೆ ಒತ್ತಡ ಸಾಲದು ಸರ್” ಎಂದು ಒಂದು ತುದಿ ಮುಚ್ಚಿ, ಕಂಪ್ರೆಸರ್‌ನಿಂದ ಸುಮಾರು ಒಂದು ಬಾರ್ ಗಾಳಿ ಕೊಟ್ಟು, ಸೋಪಿನ ನೀರು ಚಿಮುಕಿಸಿದರು. ಹೋಸ್ ಉಬ್ಬಿತು. ಪಸೆಯಿದ್ದ ಜಾಗದಲ್ಲೇ ಗುಳ್ಳೆಗಳೆದ್ದವು.

ಟರ್ಬೊ ತನ್ನ ಪಾಲಿನ ಗಾಳಿ ಕೊಡುತ್ತಲೇ ಇತ್ತು. ಅಪರಾಧ ಹೊತ್ತದ್ದು ಅದು.

«ನೈಸ್ ರೋಡ್ ಟ್ರಯಲ್: ಕೇಳಿದ್ದು 215, ಬಂದದ್ದು 213.»

ಹೊಸ ಹೋಸ್ ಹಾಕಿ, ಕೋಡ್ ಅಳಿಸಿ, ಬನ್ನೇರುಘಟ್ಟ ರಸ್ತೆಯ ಕಡೆಯಿಂದ ನೈಸ್ ರಸ್ತೆಗೆ ಹೋದೆವು. ಗ್ಯಾರೇಜಿನಲ್ಲಿ ನಿಂತಲ್ಲೇ ರೇಸ್ ಮಾಡಿದರೆ ಇಂಜಿನ್ ಮೇಲೆ ಭಾರ ಬೀಳದು, ಇಂಥ ದೋಷ ಪರೀಕ್ಷೆಗೆ ಸಿಕ್ಕದು. ನಾನು ತುಳಿದೆ, ಅವರು ಸ್ಕ್ಯಾನರ್ ಹಿಡಿದು ಕೂತರು. ಹಿಂದೆ ಇದೇ ತುಳಿತಕ್ಕೆ 150ರ ಆಸುಪಾಸಿನಲ್ಲೇ ನಿಲ್ಲುತ್ತಿದ್ದ ಅಂಕಿ ಈಗ ಕೇಳಿದ ಅಂಕಿಯ ಬೆನ್ನಿಗೇ ಏರಿತು.

«ಹಳೇ ಹೋಸ್ ಕಸ್ಟಮರ್‌ಗೆ ಕೊಟ್ಟಿದೆ.»

ಬದಲಿಸಿದ ಭಾಗವನ್ನು ಕೇಳಿ ಪಡೆಯಿರಿ. ಇವರು ಕೇಳದೆಯೇ ಕೊಟ್ಟರು. ಮೇಜಿನ ಮೇಲಿಟ್ಟರೆ ಈ ಹೋಸಿಗೆ ಏನೂ ಆಗಿಲ್ಲ ಎನಿಸುತ್ತದೆ. ಎರಡೂ ಕೈಯಲ್ಲಿ ಹಿಡಿದು ಬಾಗಿಸಿದರೆ ಕ್ಲಾಂಪಿನ ಗುರುತಿನ ಅಂಚಿನಲ್ಲಿ ಬೆರಳುಗುರಿನಷ್ಟು ಉದ್ದದ ಸೀಳು ಬಾಯಿ ತೆರೆಯುತ್ತದೆ. ಕೈ ಬಿಟ್ಟರೆ ಮುಚ್ಚಿಕೊಳ್ಳುತ್ತದೆ.