ಮುದ್ರಿತ ಕನ್ನಡದ ಯಂತ್ರಪಠನ: ನಿಖರತೆಯ ಅಳತೆಯನ್ನು ಕುರಿತು

ಮುದ್ರಿತ ಪುಟವೊಂದರ ಬಿಂಬವನ್ನು ಗಣಕವು ಓದಿ, ಅದನ್ನು ಹುಡುಕಲೂ ತಿದ್ದಲೂ ಬರುವಂತಹ ಪಠ್ಯವನ್ನಾಗಿ ಪರಿವರ್ತಿಸುವ ವಿದ್ಯೆಗೆ ಓಸಿಆರ್ ಎಂಬ ಹೆಸರು ಗ್ರಂಥಾಲಯಗಳಲ್ಲಿ ಈಗ ಬಳಕೆಯ ಮಾತೇ ಆಗಿದೆ. ಕನ್ನಡಕ್ಕೆ ಸಂಬಂಧಿಸಿದಂತೆ ಈ ವಿದ್ಯೆಯ ಗಮನಾರ್ಹ ಸಂಶೋಧನೆಗಳಲ್ಲಿ ಕೆಲವು ನಡೆದಿರುವುದು ಭಾಷಾ ವಿಭಾಗಗಳಲ್ಲಲ್ಲ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ಎಂಜಿನಿಯರಿಂಗ್ ವಿಭಾಗದಲ್ಲಿ. ಇಂತಹ ಸಂಶೋಧನೆಯ ಫಲವನ್ನು ಶೇಕಡಾ ಇಷ್ಟು ಎಂಬ ಒಂದು ಸಂಖ್ಯೆಯಲ್ಲಿ ಹೇಳುವುದು ರೂಢಿ. ಆ ಸಂಖ್ಯೆಯು ಯಂತ್ರವನ್ನು ಕಟ್ಟಿದವರಿಗೆ ತಿಳಿಸುವಷ್ಟನ್ನು ಪಠ್ಯವನ್ನು ಬಳಸುವ ಸಂಶೋಧಕನಿಗೂ ತಿಳಿಸುತ್ತದೆಯೇ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಕನ್ನಡ ಲಿಪಿಯನ್ನು ಯಂತ್ರಕ್ಕೆ ಕಲಿಸುವುದರ ಕಷ್ಟ ಅಕ್ಷರಮಾಲೆಯ ಗಾತ್ರದಲ್ಲಿಲ್ಲ, ಅದರ ಕೂಡಿಕೆಯಲ್ಲಿದೆ. ೩೪ ವ್ಯಂಜನಗಳಿಗೆ ಹದಿಮೂರು ಸ್ವರಗಳ ಗುಣಿತವನ್ನು ಹಿಡಿದರೆ ೪೪೨ ರೂಪಗಳಾಗುತ್ತವೆ. ಪ್ರತಿಯೊಂದಕ್ಕೂ ಒಂದೊಂದು ಒತ್ತನ್ನು ಸೇರಿಸಿದರೆ ಲೆಕ್ಕದ ಮಟ್ಟಿಗೆ ೧೫,೦೨೮ ರೂಪಗಳು. ಇವುಗಳಲ್ಲಿ ಬಹುಪಾಲು ಎಲ್ಲಿಯೂ ಬಳಕೆಯಾಗುವುದಿಲ್ಲ ನಿಜ. ಆದರೆ ಯಾವುದು ಬಳಕೆಯಾಗುವುದಿಲ್ಲವೆಂದು ಮೊದಲೇ ಹೇಳುವ ಧೈರ್ಯವೂ ಯಾರಿಗೂ ಇರಲಾರದು. ಟಿ. ವಿ. ಅಶ್ವಿನ್ ಮತ್ತು ಪಿ. ಎಸ್. ಶಾಸ್ತ್ರಿ ಅವರು ೨೦೦೨ರಲ್ಲಿ ‘ಸಾಧನಾ’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ ಈ ತೊಡಕನ್ನು ಲಿಪಿಯ ರಚನೆಯಿಂದಲೇ ಬಿಡಿಸಲು ಯತ್ನಿಸಿತು. ಇಡೀ ಅಕ್ಷರವನ್ನು ಒಂದು ಘಟಕವೆಂದು ಎಣಿಸದೆ, ಮೂಲವ್ಯಂಜನ, ಸ್ವರಚಿಹ್ನೆ, ಒತ್ತು ಎಂದು ಬಿಡಿಸಿ, ಒಂದೊಂದನ್ನೂ ಸಪೋರ್ಟ್ ವೆಕ್ಟರ್ ಮೆಷಿನ್ ಎಂಬ ವರ್ಗೀಕರಣ ವಿಧಾನದಿಂದ ಗುರುತಿಸುವುದು ಅದರ ಮಾರ್ಗ. ಕಾಗುಣಿತವನ್ನು ಕಲಿಯುವ ಮಗು ಅನುಸರಿಸುವ ಮಾರ್ಗವೂ ಸರಿಸುಮಾರು ಇದೇ. ಆದರೆ ಬಿಡಿಸುವ ಹಂತದಲ್ಲಿ ತಪ್ಪಿದರೆ ಗುರುತಿಸುವ ಹಂತ ಎಷ್ಟೇ ಸಮರ್ಥವಾಗಿದ್ದರೂ ಪ್ರಯೋಜನವಿಲ್ಲ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸನ್ನು ಮುಟ್ಟುವ ಹಳೆಯ ಮುದ್ರಣಗಳಲ್ಲಿ ಈ ತಪ್ಪು ಮತ್ತೆ ಮತ್ತೆ ಎದುರಾಗುವಂಥದು.

ಅದೇ ವಿಭಾಗದಿಂದ ಮುಂದೆ ಬಂದ ‘ಲಿಪಿ ಜ್ಞಾನಿ’ಯನ್ನು ಹೆಚ್ಚು ವಿವರವಾಗಿ ನೋಡಬೇಕಾಗಿದೆ. ಎಚ್. ಆರ್. ಶಿವಕುಮಾರ್ ಮತ್ತು ಎ. ಜಿ. ರಾಮಕೃಷ್ಣನ್ ಅವರು ೨೦೧೯ರಲ್ಲಿ ಬೆಳಕಿಗೆ ತಂದ ಈ ವ್ಯವಸ್ಥೆಯ ಪ್ರಬಂಧವು ೧೯೭೦ರಿಂದ ೨೦೦೨ರವರೆಗೆ ಪ್ರಕಟವಾದ ೩೫ಕ್ಕೂ ಹೆಚ್ಚು ಪುಸ್ತಕಗಳನ್ನು ಆಧರಿಸಿದೆ. ಹಳಗನ್ನಡದ ಪುಸ್ತಕಗಳೂ ಕನ್ನಡ ಲಿಪಿಯಲ್ಲಿ ಅಚ್ಚಾದ ಸಂಸ್ಕೃತ ಶ್ಲೋಕಗಳೂ ಅವುಗಳಲ್ಲಿ ಸೇರಿವೆ. ಲೇಖಕರು ತಮ್ಮ ಫಲಿತಾಂಶವನ್ನು ಟೆಸೆರಾಕ್ಟ್‌ನೊಂದಿಗೆ ಹೋಲಿಸಿದ್ದಾರೆ. ಟೆಸೆರಾಕ್ಟ್ ಮೊದಲು ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯಲ್ಲಿ ಹುಟ್ಟಿ, ೨೦೦೫ರಲ್ಲಿ ಮುಕ್ತ ತಂತ್ರಾಂಶವಾಗಿ, ಅನಂತರ ಗೂಗಲ್‌ನ ಆಶ್ರಯದಲ್ಲಿ ಬೆಳೆದದ್ದು. ಪದಮಟ್ಟದ ನಿಖರತೆಯಲ್ಲಿ ಲಿಪಿ ಜ್ಞಾನಿ ಅದಕ್ಕಿಂತ ಕನ್ನಡದಲ್ಲಿ ಶೇ. ೪, ತುಳು ಮತ್ತು ಸಂಸ್ಕೃತದಲ್ಲಿ ಶೇ. ೮, ಕೊಂಕಣಿಯಲ್ಲಿ ಶೇ. ೨೫ರಷ್ಟು ಮುಂದಿದೆ ಎಂಬುದು ಪ್ರಬಂಧದ ಹೇಳಿಕೆ.

ಈ ನಾಲ್ಕು ಭಾಷೆಗಳ ಪುಟಗಳೂ ಅಚ್ಚಾಗಿರುವುದು ಒಂದೇ ಲಿಪಿಯಲ್ಲಿ. ಹಾಗಿದ್ದರೆ ಅಂತರ ಭಾಷೆಯಿಂದ ಭಾಷೆಗೆ ಇಷ್ಟು ಬದಲಾಗುವುದೇಕೆ? ಲಿಪಿ ಜ್ಞಾನಿಗೆ ನಿಘಂಟಿನ ನೆರವಿಲ್ಲ. ಅದು ಕಂಡದ್ದನ್ನು ಕಂಡಂತೆ ಬರೆಯುತ್ತದೆ. ೨೦೧೮ರ ನಾಲ್ಕನೆಯ ಆವೃತ್ತಿಯಿಂದ ನರಜಾಲ ವಿಧಾನವನ್ನು ಅಳವಡಿಸಿಕೊಂಡ ಟೆಸೆರಾಕ್ಟ್ ಇಡೀ ಸಾಲನ್ನು ಒಟ್ಟಾಗಿ ಓದುತ್ತದೆ. ಅಂತಹ ವ್ಯವಸ್ಥೆ ತರಬೇತಿಯ ಪಠ್ಯದಿಂದ ಅಕ್ಷರಗಳ ಆಕಾರವನ್ನಷ್ಟೇ ಅಲ್ಲದೆ ಯಾವ ಅಕ್ಷರದ ಬಳಿಕ ಯಾವುದು ಬರುವುದು ವಾಡಿಕೆ ಎಂಬುದನ್ನೂ ಕಲಿತುಬಿಡುತ್ತದೆ. ಕನ್ನಡದ ವಾಡಿಕೆಯನ್ನು ಕಲಿತ ಯಂತ್ರ ಕೊಂಕಣಿಯನ್ನು ಓದುವಾಗ ಎಡವುವುದು ಇದರಿಂದಲೇ ಎಂದು ಊಹಿಸಲು ಎಡೆಯಿದೆ. ನಿಘಂಟಿನ ನೆರವು ಸದ್ಯಕ್ಕೆ ಇಲ್ಲವೆಂಬುದನ್ನು ಲೇಖಕರು ಇನ್ನೂ ಆಗಬೇಕಾದ ಕೆಲಸವೆಂಬಂತೆ ಸೂಚಿಸಿದ್ದಾರೆ. ಗ್ರಂಥಸಂಪಾದಕನ ದೃಷ್ಟಿಯಿಂದ ನೋಡಿದರೆ ಅದನ್ನು ಗುಣವೆಂದೇ ಎಣಿಸಬೇಕು ಎಂಬುದು ನನ್ನ ಅಭಿಪ್ರಾಯ.

ಕಾರಣ ಹೀಗಿದೆ. ಯಂತ್ರದ ತಪ್ಪುಗಳಲ್ಲಿ ಎರಡು ಬಗೆ. ಕನ್ನಡದಲ್ಲಿ ಇಲ್ಲವೇ ಇಲ್ಲದ ಪದವೊಂದು ಮೂಡಿದರೆ ಕರಡು ತಿದ್ದುವವನ ಕಣ್ಣು ಅಲ್ಲಿ ನಿಲ್ಲುತ್ತದೆ. ‘ಧನ’ ಎಂಬುದು ‘ದನ’ ಎಂದೋ ‘ಅವರ’ ಎಂಬುದು ‘ಅಪರ’ ಎಂದೋ ಆದರೆ ನಿಲ್ಲುವುದಿಲ್ಲ, ಏಕೆಂದರೆ ಎರಡೂ ಸಾಧುವಾದ ಪದಗಳೇ. ಶಾಸನಪಠ್ಯಗಳ ಸಂಪುಟವೊಂದರಲ್ಲಿ ಗೋಸಂಪತ್ತಿನ ಉಲ್ಲೇಖಗಳನ್ನು ಎಣಿಸಹೊರಟ ಇತಿಹಾಸಕಾರನಿಗೆ ಇದರ ಫಲವೇನೆಂದು ವಿವರಿಸಬೇಕಾಗಿಲ್ಲ. ನಿಘಂಟನ್ನಾಗಲಿ ಭಾಷೆಯ ವಾಡಿಕೆಯನ್ನಾಗಲಿ ಆಧರಿಸಿದ ತಿದ್ದುಪಡಿ ಮೊದಲ ಬಗೆಯ ತಪ್ಪುಗಳನ್ನು ಕಡಿಮೆ ಮಾಡುತ್ತದೆ. ಆದರೆ ಅವುಗಳಲ್ಲಿ ಕೆಲವನ್ನು ಎರಡನೆಯ ಬಗೆಗೆ ವರ್ಗಾಯಿಸಿಯೂ ಬಿಡುತ್ತದೆ. ಶೇಕಡಾವಾರು ಏರುತ್ತದೆ, ಉಳಿದ ತಪ್ಪುಗಳು ಮಾತ್ರ ಕಣ್ಣಿಗೆ ಬೀಳದಂತಾಗುತ್ತವೆ. ಈಚಿನ ವರ್ಷಗಳಲ್ಲಿ ಬಂದಿರುವ, ಬಿಂಬವನ್ನು ನೋಡಿ ನೇರವಾಗಿ ಪಠ್ಯವನ್ನು ಹೇಳುವ ಬೃಹತ್ ಭಾಷಾ ಮಾದರಿಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಹರಿದ ಅಂಚಿನಲ್ಲಿ ಕಾಣದ ಪದವನ್ನು ಅವು ಸರಾಗವಾಗಿ ತುಂಬಿಕೊಡಬಲ್ಲವು. ಸಂಪಾದಕನಾದವನು ಅಂತಹ ಕಡೆ ಆವರಣ ಚಿಹ್ನೆ ಹಾಕಿ ತನ್ನ ಊಹೆಯೆಂದು ಒಪ್ಪಿಕೊಳ್ಳುತ್ತಾನೆ. ಯಂತ್ರಕ್ಕೆ ಆ ಸಂಕೋಚವಿಲ್ಲ.

ಶೇಕಡಾವಾರು ಇನ್ನೊಂದು ಸಂಗತಿಯನ್ನೂ ಮರೆಮಾಡುತ್ತದೆ. ಪುಟವೊಂದರಲ್ಲಿ ೨೫೦ ಪದಗಳೂ ಪದಕ್ಕೆ ಎಂಟರಂತೆ ೨,೦೦೦ ಅಕ್ಷರಚಿಹ್ನೆಗಳೂ ಇವೆಯೆಂದು ಇಟ್ಟುಕೊಳ್ಳೋಣ. ಚಿಹ್ನೆಯ ಮಟ್ಟದಲ್ಲಿ ಶೇ. ೯೯ರ ನಿಖರತೆಯಿದ್ದು ತಪ್ಪುಗಳು ಒಂದಕ್ಕೊಂದು ಸಂಬಂಧವಿಲ್ಲದೆ ಹರಡಿದ್ದರೆ, ಪದದ ಮಟ್ಟದಲ್ಲಿ ಅದು ಸುಮಾರು ಶೇ. ೯೨ಕ್ಕೆ ಇಳಿಯುತ್ತದೆ, ಎಂದರೆ ಪುಟಕ್ಕೆ ಹತ್ತೊಂಬತ್ತು ಪದಗಳು ತಪ್ಪು. ಲಿಪಿ ಜ್ಞಾನಿಯ ಲೇಖಕರು ಪದಮಟ್ಟದ ಅಂಕಿಯನ್ನು ಮುಂದಿಟ್ಟಿರುವುದು ಈ ದೃಷ್ಟಿಯಿಂದ ಶ್ಲಾಘ್ಯ. ಅದೇ ಪುಟ ಹಳಗನ್ನಡದ್ದಾಗಿದ್ದು ಅದರಲ್ಲಿ ನಾಲ್ಕು ಕಡೆ ೞಕಾರ ಬಂದಿದೆಯೆನ್ನಿ. ನಾಲ್ಕನ್ನೂ ಯಂತ್ರ ಳಕಾರವೆಂದೇ ಓದಿ ಉಳಿದುದನ್ನೆಲ್ಲ ಸರಿಯಾಗಿ ಓದಿದರೆ ಚಿಹ್ನೆಗಳ ನಿಖರತೆ ಶೇ. ೯೯.೮. ಪದಗಳ ಲೆಕ್ಕದಲ್ಲಿಯೂ ಅದು ಶೇ. ೯೮ಕ್ಕಿಂತ ಕೆಳಗಿಳಿಯದು. ಆದರೆ ಆ ಪುಟದ ‘ಅೞಿ’ ‘ಅಳಿ’ಯಾಗಿದೆ, ನಾಶ ದುಂಬಿಯಾಗಿದೆ. ‘ಅಱಿ’ ‘ಅರಿ’ಯಾದರೆ ತಿಳಿವು ಹಗೆಯಾಗುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜ ಶ್ರಮಪಟ್ಟು ಬೇರ್ಪಡಿಸಿದ ರೞ, ಕುಳ, ಕ್ಷಳಗಳ ಭೇದ ಈ ಅಂಕಿಗಳಲ್ಲಿ ಹೆಚ್ಚುಕಡಿಮೆ ಶೂನ್ಯವಾಗುತ್ತದೆ. ಹಳಗನ್ನಡದ ಪುಸ್ತಕಗಳನ್ನು ಪರೀಕ್ಷೆಗೆ ಒಳಪಡಿಸಿದೆ ಎಂದಾಗ ನಮಗೆ ಬೇಕಾಗುವುದು ೞ ಮತ್ತು ಱಗಳ ಪ್ರತ್ಯೇಕ ಲೆಕ್ಕ, ಒಟ್ಟು ಸರಾಸರಿಯಲ್ಲ. ಅನುಸ್ವಾರಕ್ಕೂ ಸೊನ್ನೆಗೂ, ಅರ್ಕಾವತ್ತಿಗೂ ಒಂಬತ್ತರ ಅಂಕಿಗೂ ಇರುವ ರೂಪಸಾಮ್ಯವೂ ಇಂತಹುದೇ ಪ್ರತ್ಯೇಕ ಲೆಕ್ಕವನ್ನು ಬೇಡುತ್ತದೆ.

ಎಲ್ಲ ದೋಷವನ್ನೂ ಓಸಿಆರ್ ಸಂಶೋಧಕರ ಮೇಲೆ ಹೊರಿಸುವುದು ಸಲ್ಲದು. ಯೂನಿಕೋಡ್ ಸಂಕೇತ ವ್ಯವಸ್ಥೆಯಲ್ಲಿ ೞಕಾರಕ್ಕೆ ‘ಫ’ ಎಂಬ ಉಚ್ಚಾರಣೆಯ ಇಂಗ್ಲಿಷ್ ಹೆಸರು ತಪ್ಪಾಗಿ ಅಂಟಿಕೊಂಡಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಅದು ಹಾಗೆಯೇ ಉಳಿದು, ತಿದ್ದುಪಡಿಯ ಉಪನಾಮವೊಂದನ್ನು ಪಕ್ಕದಲ್ಲಿ ಸೇರಿಸಲಾಗಿದೆ. ಹಳೆಯ ಬರಹದ ನಕಾರಪೊಲ್ಲಿಗೆ ಸ್ವತಂತ್ರ ಸ್ಥಾನ ದೊರೆತದ್ದು ೨೦೨೧ರ ಹದಿನಾಲ್ಕನೆಯ ಆವೃತ್ತಿಯಲ್ಲಿ. ಅದಕ್ಕೂ ಮೊದಲಿನ ಯಂತ್ರ ಆ ಆಕಾರವನ್ನು ಸರಿಯಾಗಿ ಕಂಡಿದ್ದರೂ ಹಾಗೆಯೇ ಬರೆದಿಡಲು ಸಂಕೇತವೇ ಇರಲಿಲ್ಲ.

ಇನ್ನು ಪುಸ್ತಕಗಳ ಆಯ್ಕೆ. ಭಾರತದ ಕೃತಿಸ್ವಾಮ್ಯ ಕಾಯಿದೆಯಂತೆ ಲೇಖಕ ತನ್ನ ಜೀವಿತಕಾಲದಲ್ಲಿ ಪ್ರಕಟಿಸಿದ ಕೃತಿಯ ಹಕ್ಕು ಅವನ ಮರಣಾನಂತರ ೬೦ ವರ್ಷ ಇರುತ್ತದೆ. ಆದುದರಿಂದ ೧೯೭೦ರ ಬಳಿಕ ಮೊದಲು ಪ್ರಕಟವಾದ ಪುಸ್ತಕಗಳಲ್ಲಿ ಬಹುಪಾಲನ್ನು ಗ್ರಂಥಾಲಯವೊಂದು ತಾನಾಗಿಯೇ ಸಾರ್ವಜನಿಕರಿಗೆ ಬಿಡುಗಡೆ ಮಾಡುವಂತಿಲ್ಲ. ಮುಕ್ತವಾಗಿ ಒದಗಿಸಬಹುದಾದದ್ದು ಅದಕ್ಕಿಂತ ಹಿಂದಿನದು: ಸವೆದ ಅಚ್ಚುಮೊಳೆ, ಮುರಿದ ತಲೆಕಟ್ಟು, ಹಿಂಬದಿಯ ಮಸಿ ಈಚೆಗೆ ಮೂಡಿದ ಕಾಗದ. ಪರೀಕ್ಷೆ ನಡೆದದ್ದು ಒಂದು ಕಾಲದ ಪುಟಗಳ ಮೇಲೆ, ಅಗತ್ಯವಿರುವುದು ಇನ್ನೊಂದು ಕಾಲದ ಪುಟಗಳಿಗೆ. ಮೊದಲನೆಯದರ ಅಂಕಿಯನ್ನು ಎರಡನೆಯದಕ್ಕೆ ಅನ್ವಯಿಸಲಾಗದು.

ಅನ್ವಯಿಸಿದರೆ ಏನಾಗಬಹುದೆಂಬುದಕ್ಕೆ ಕೈಬರಹದ ಕ್ಷೇತ್ರದಿಂದ ಒಂದು ನಿದರ್ಶನವಿದೆ. ವಿನಯ್ ಉದಯ್ ಪ್ರಭು ಅವರು ೨೦೧೯ರಲ್ಲಿ ಕನ್ನಡ ಅಂಕಿಗಳ ‘ಕನ್ನಡ-ಎಂನಿಸ್ಟ್’ ಎಂಬ ದತ್ತಸಂಚಯವನ್ನು ಪ್ರಕಟಿಸಿದರು. ಬೆಂಗಳೂರಿನ ೬೫ ಮಂದಿ ಬರೆದ ಅಂಕಿಗಳಿಂದ ಆಯ್ದ ೬೦,೦೦೦ ಬಿಂಬಗಳು ತರಬೇತಿಗೆ, ೧೦,೦೦೦ ಪರೀಕ್ಷೆಗೆ. ನರಜಾಲದ ನಿಖರತೆ ಶೇ. ೯೬.೮. ಅವರು ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಕನ್ನಡ ತಾಯ್ನುಡಿಯಲ್ಲದವರು ಬೇರೆ ಹಾಳೆಯ ಮೇಲೆ ಬರೆದು ಬೇರೆ ರೀತಿಯಲ್ಲಿ ಸ್ಕ್ಯಾನ್ ಮಾಡಿದ ಎರಡನೆಯ ಸಂಚಯವೊಂದನ್ನೂ ಸಿದ್ಧಪಡಿಸಿ, ಅದೇ ಜಾಲವನ್ನು ಅದರ ಮೇಲೆ ಪರೀಕ್ಷಿಸಿದರು. ದೊರೆತದ್ದು ಶೇ. ೭೬.೧. ಗುರುತಿಸಬೇಕಾದದ್ದು ಹತ್ತೇ ಅಂಕಿಗಳನ್ನು. ಬದಲಾದದ್ದು ಬರೆದವರ ಕೈ ಮತ್ತು ಹಾಳೆ. ಕಡಿಮೆಯಾದ ಆ ಎರಡನೆಯ ಸಂಖ್ಯೆಯನ್ನು ಮೊದಲನೆಯದರ ಪಕ್ಕದಲ್ಲಿಯೇ ಅಚ್ಚುಮಾಡಿದ್ದು ಆ ಪ್ರಬಂಧದ ನಿಜವಾದ ಕೊಡುಗೆ ಎಂದು ನಾನು ಭಾವಿಸುತ್ತೇನೆ.

ಮುದ್ರಿತ ಕನ್ನಡದ ವಿಷಯದಲ್ಲಿ ಅಂತಹ ಎರಡನೆಯ ಸಂಖ್ಯೆಯನ್ನು ಪಡೆಯಲು ದೊಡ್ಡ ಸಿದ್ಧತೆಯೇನೂ ಬೇಕಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹಾಗೂ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ಅಚ್ಚಿನಿಂದ ಕೆಲವು ನೂರು ಪುಟಗಳನ್ನು ಆಯ್ದು, ಹಳಗನ್ನಡ ಬಲ್ಲ ಇಬ್ಬರು ಬೇರೆಬೇರೆಯಾಗಿ ಪಠ್ಯ ಸಿದ್ಧಪಡಿಸಿ ತಾಳೆ ನೋಡಿದರೆ ಸಾಕು. ಆ ಕೆಲಸವನ್ನು ವಿದ್ಯುತ್ ಎಂಜಿನಿಯರಿಂಗ್ ವಿಭಾಗ ಒಂಟಿಯಾಗಿ ಮಾಡಲಾರದು. ಕನ್ನಡ ಅಧ್ಯಯನ ವಿಭಾಗಗಳು ಕೈಜೋಡಿಸಬೇಕಾಗುತ್ತದೆ. ಅದು ಆಗುವವರೆಗೆ ಗ್ರಂಥಾಲಯಗಳು ಯಂತ್ರ ಸಿದ್ಧಪಡಿಸಿದ ಪಠ್ಯವನ್ನು ಹುಡುಕಾಟದ ಸೂಚಿಯಾಗಿ ಮಾತ್ರ ಬಳಸುವುದು ಉಚಿತ. ಪುಟದ ಬಿಂಬವನ್ನು ಅದರ ಜೊತೆಯಲ್ಲಿಯೇ ಉಳಿಸಿಕೊಳ್ಳಬೇಕು, ಯಾವ ತಂತ್ರಾಂಶದ ಯಾವ ಆವೃತ್ತಿಯಿಂದ ಪಠ್ಯ ಪಡೆಯಲಾಯಿತೆಂಬುದನ್ನು ದಾಖಲೆಯಲ್ಲಿ ನಮೂದಿಸಬೇಕು. ಸ್ಥಳಾವಕಾಶದ ಕಾರಣಕ್ಕೆ ಬಿಂಬವನ್ನು ಕೈಬಿಟ್ಟರೆ ‘ಅಳಿ’ ಎಂದಿರುವ ಕಡೆ ಮೂಲದಲ್ಲಿ ಯಾವ ಅಕ್ಷರವಿತ್ತೆಂದು ನೋಡಲು ಮುಂದಿನ ಸಂಶೋಧಕನಿಗೆ ಏನೂ ಉಳಿದಿರುವುದಿಲ್ಲ.